ಗುಂಡು ಹಾರಿಸಿದವನ ಬಾಯಿ

ಕುದುರೆಯಿಂದ ಇಳಿಯುವ ಗಂಡಸು ನೆಲಕ್ಕೆ ಮೊದಲು ಊರಬೇಕಾದದ್ದು ಎಡಗಾಲೋ ಬಲಗಾಲೋ ಎಂಬ ಮಹತ್ವದ ಪ್ರಶ್ನೆ ಆ ಭಾನುವಾರ ಬೆಳಿಗ್ಗೆ ಇತ್ಯರ್ಥವಾಗಲೇಬೇಕಿತ್ತು. ಅದು ಇತ್ಯರ್ಥವಾಗದೆ ಆಲ್ಬಮ್ಮಿನ ಮೊದಲ ವಾಕ್ಯವಿಲ್ಲ, ಮೊದಲ ವಾಕ್ಯವಿಲ್ಲದೆ ಮೊದಲ ಹಾಡಿಲ್ಲ, ಮೊದಲ ಹಾಡಿಲ್ಲದೆ ಮಿಕ್ಕ ಏಳೂ ಅನಾಥ. ತೀರ್ಪು ಕೊಡಲು ಕೂತ ನಾಲ್ವರಲ್ಲಿ ಯಾರೂ ಈ ಜನ್ಮದಲ್ಲಿ ಕುದುರೆ ಮುಟ್ಟಿದವರಲ್ಲ. ಡ್ರಮ್ಮರ್ ತನ್ನ ಸ್ಟೂಲನ್ನೇ ಕುದುರೆ ಮಾಡಿಕೊಂಡು ಹತ್ತಿ ಇಳಿದು ತೋರಿಸಲು ಹೋಗಿ, ಎಡಗಾಲೂ ಅಲ್ಲದೆ ಬಲಗಾಲೂ ಅಲ್ಲದೆ ಸೊಂಟ ಊರಿ ಇಳಿದಿದ್ದ. "ಅವನು ಎಡಗಾಲೂರಿ ಇಳಿದ, ಊರು ಉಸಿರು ಬಿಗಿಹಿಡಿಯಿತು" ಎಂದು ಬರೆದವನು ಬೇಸ್ ಗಿಟಾರಿನವನು. ತಪ್ಪು ಹಿಡಿದವನು ಅವನ ಹೆಂಡತಿಯ ತಮ್ಮ, ಬ್ಯಾಂಡಿನ ಹಾಡುಗಾರ. "ಎಡಗಾಲು ಇನ್ನೂ ರಿಕಾಪಲ್ಲಿ, ಆ ಕಾಲಿಡೋ ಬಳೆಯಲ್ಲಿ, ಸಿಕ್ಕೊಂಡಿರತ್ತೆ ಭಾವ, ಬಲಗಾಲು ಆಚೆ ಕಡೆಯಿಂದ ಸುತ್ತಿ ಬರತ್ತೆ. ನಿಮ್ಮ ಹೀರೋ ಬಸ್ಸಿಂದ ಇಳೀತಿದಾನೆ" ಎಂದ. ಎಲ್ಲರೂ ನಕ್ಕರು. ಗಾಜಿನಾಚೆ ಗುಂಡಿಗಳ ಮೇಜಿನ ಮುಂದೆ ಕೂತಿದ್ದ ರೆಕಾರ್ಡಿಂಗಿನ ಹೆಂಗಸು ಮೈಕಿನಲ್ಲಿ, "ಎರಡೂ ಕಾಲು ಊರಿ ಇಳಿದ ಅಂತ ಹಾಕ್ಕೊಂಡು ಮುಂದೆ ಹೋಗ್ರಪ್ಪ, ಮಧ್ಯಾಹ್ನ ನನಗೆ ಸೋಪಿನ ಜಾಹೀರಾತಿದೆ" ಎಂದಳು. ಆಗಲೂ ನಕ್ಕರು. ಭಾವನೂ ನಕ್ಕ. ನಕ್ಕ ಮೇಲೆ ತಾನು ನಕ್ಕದ್ದು ಗೊತ್ತಾಯಿತು. ಅವನಿಗೆ ಎಂದೂ ಕ್ಷಮಿಸಲಾಗದ ಸಂಗತಿ ಇದೇ. ಅವನ ಬಾಯಿ ಅವನ ಅಪ್ಪಣೆಗೆ ಕಾಯದೆ, ಯಾರು ಅವನನ್ನು ಆಡಿಕೊಂಡರೂ ಅವರ ಪರವಾಗಿ ಮೊದಲು ಹಲ್ಲು ಬಿಡುತ್ತಿತ್ತು.

ಭಾಮೈದನ ದೆಸೆಯಿಂದ ಅವನು ಇಡೀ ಬ್ಯಾಂಡಿಗೇ ಭಾವ. ಡ್ರಮ್ಮರಿಗೂ ಭಾವ, ಪೋಸ್ಟರಿನಲ್ಲೂ ಭಾವ. ವಾರದ ದಿನಗಳಲ್ಲಿ ಅವನು ಕನ್ನಡಕದ ಅಂಗಡಿಯಲ್ಲಿ ಕತ್ತಲ ಕೋಣೆಯೊಳಗೆ ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ, "ಇದು ಸ್ಪಷ್ಟವಾ, ಇದು ಸ್ಪಷ್ಟವಾ? ಮೊದಲಿಂದು, ಈಗಿಂದು?" ಎಂದು ಕೇಳುವವನು. ಗಿರಾಕಿಗಳು ಆ ಕುರ್ಚಿಯಲ್ಲಿ ಎಷ್ಟು ದೊಡ್ಡ ಮನುಷ್ಯರಾದರೂ ಮಗ್ಗಿ ಮರೆತ ಮಕ್ಕಳಾಗಿಬಿಡುತ್ತಾರೆ; ಕಾಣದ ಅಕ್ಷರವನ್ನು ಊಹಿಸಿ ಹೇಳಿ ಅವನ ಮುಖ ನೋಡುತ್ತಾರೆ. ಆ ಕೋಣೆಯಲ್ಲಿ ಅವನು ನಗುವುದಿಲ್ಲ. ಅಲ್ಲೇ, ಇಬ್ಬರು ಗಿರಾಕಿಗಳ ನಡುವಿನ ಕತ್ತಲಲ್ಲಿ, ಅವನಿಗೆ ಈ ಆಲ್ಬಮ್ಮಿನ ಕಥೆ ಹೊಳೆದದ್ದು. ಹೆಸರು 'ಹಗ್ಗದ ಊರು'. ಹಳೆಯ ಕೌಬಾಯ್ ಸಿನಿಮಾಗಳ ಧೂಳು, ಟೊಪ್ಪಿ, ಸಲೂನೆಂಬ ಹೆಂಡದಂಗಡಿಯ ರೆಕ್ಕೆಬಾಗಿಲು ಎಲ್ಲಾ ಇರುವ ಎಂಟು ಹಾಡು. ಹಾಡು ಹಾಡಿನ ನಡುವೆ ಕಥೆ ಹೇಳುವ ಒಂದು ಧ್ವನಿ. ಕುದುರೆಯ ಮೇಲೊಬ್ಬ ಹಾಡುಗಾರ ಊರಿಗೆ ಬರುತ್ತಾನೆ. ಒಂದು ರಾತ್ರಿಗೆಂದು ಒಬ್ಬನ ಮನೆಯಲ್ಲಿ ಇಳಿದುಕೊಂಡವನು ಹೋಗುವುದೇ ಇಲ್ಲ. ಮನೆಯವನ ಬೂಟು ಹಾಕಿಕೊಳ್ಳುತ್ತಾನೆ, ಮನೆಯವನ ಕುರ್ಚಿಯಲ್ಲಿ ಕೂರುತ್ತಾನೆ, ಊರೆಲ್ಲ ಅವನ ಹಾಡಿಗೆ ಮರುಳಾಗುತ್ತದೆ. ಎಂಟನೆಯ ಹಾಡಿನ ಕೊನೆಯಲ್ಲಿ, ಊರ ನಡುವೆ ಕೈಬೀಸುತ್ತಾ ನಿಂತವನಿಗೆ ಗುಂಪಿನೊಳಗಿಂದ ಒಂದು ಗುಂಡು ಬಂದು ಬೆನ್ನಿಗೆ ಬಡಿಯುತ್ತದೆ. ವಾದ್ಯಗಳೆಲ್ಲ ನಿಲ್ಲುತ್ತವೆ. ಅದುವರೆಗೆ ಕಥೆ ಹೇಳಿದ ಧ್ವನಿ, ಯಾರೆಂದು ಯಾರೂ ಕೇಳದೆ ಬಿಟ್ಟಿದ್ದ ಆ ಧ್ವನಿ, ಮೊದಲ ಸಲ ತನ್ನ ಬಗ್ಗೆ ಮಾತಾಡುತ್ತದೆ: "ಗುಂಡು ಹಾರಿಸಿದ್ದು ನಾನೇ."

ಭಾಮೈದ ಓದಿ, ಹಾಡುಗಾರನ ಪಾತ್ರ ತನ್ನದೆಂಬ ಖುಷಿಯಲ್ಲಿ, "ಸೂಪರ್ ಭಾವ, ನಾನು ಸಾಯೋದು ತುಂಬಾ ಚೆನ್ನಾಗಿದೆ" ಎಂದಿದ್ದ. ಆರು ವರ್ಷದ ಹಿಂದೆ ಬೇರೆ ಮನೆ ಸಿಗುವ ತನಕ ಎಂದು ಬಂದವನು ಇನ್ನೂ ಮುಂಬಾಗಿಲ ಪಕ್ಕದ ಕೋಣೆಯಲ್ಲಿದ್ದ. ಮನೆಗೆ ಬರುವಾಗಲೂ ಹೋಗುವಾಗಲೂ ಭಾವ ಆ ಕೋಣೆಯ ತೆರೆದ ಬಾಗಿಲು ದಾಟಬೇಕು, ದಾಟುವಾಗ ಏನಾದರೂ ಹೇಳಬೇಕು, ಹೇಳಿದ್ದಕ್ಕೆ ಒಳಗಿಂದ ಒಂದು ನಗು ಬರಬೇಕು. ಭಾಮೈದ ಮಾಡುವ ಅವಮಾನಗಳೆಲ್ಲ 'ನೀವು' 'ತಾವು'ಗಳಲ್ಲಿ ಸುತ್ತಿ ಕೊಟ್ಟ ಅವಮಾನಗಳು. ಬಿಚ್ಚಿ ನೋಡುವ ಹೊತ್ತಿಗೆ ಕೊಟ್ಟವನು ಸ್ನಾನದ ಮನೆಯಲ್ಲಿ ಹಾಡುತ್ತಿರುತ್ತಾನೆ, ಭಾವನ ಟವೆಲ್ಲಿನ ಜೊತೆ. ಪತ್ರಿಕೆಯವನೊಬ್ಬ ಬ್ಯಾಂಡಿನ ಬಗ್ಗೆ ಬರೆಯಲು ಬಂದಾಗ, ಬೇಸ್ ನುಡಿಸುವವರನ್ನು ಹೇಗೆ ಹುಡುಕಿದಿರಿ ಎಂದು ಕೇಳಿದ್ದಕ್ಕೆ, "ಭಾವನ ಹತ್ತಿರ ವ್ಯಾನ್ ಇತ್ತು" ಎಂದುಬಿಟ್ಟ. ಅಷ್ಟೂ ಅಚ್ಚಾಯಿತು. ಅಂಗಡಿಗೆ ಬಂದ ಗಿರಾಕಿಯೊಬ್ಬರು ಕಣ್ಣಿನ ಮೇಲೆ ಚೌಕಟ್ಟು ಇಟ್ಟುಕೊಂಡೇ, "ವ್ಯಾನಿನವರು ನೀವೇ ಅಲ್ವಾ?" ಎಂದರು. ಅಂದು ಭಾವ ಅವರಿಗೆ ಬೇಕಾದ್ದಕ್ಕಿಂತ ಒಂದು ಮಟ್ಟ ಹೆಚ್ಚಿನ ಪವರ್ ಬರೆದುಕೊಟ್ಟ. ಆ ಗಿರಾಕಿ ಈಗಲೂ ಮೆಟ್ಟಿಲುಗಳನ್ನು ಅನುಮಾನದಿಂದ ಇಳಿಯುತ್ತಿರಬಹುದು ಎಂದು ನೆನೆದು ಸಂತೋಷಪಡುತ್ತಿದ್ದ, ಸಂತೋಷಪಟ್ಟದ್ದಕ್ಕೆ ಹೇಸುತ್ತಿದ್ದ.

ಕಥೆಯ ಗುಟ್ಟು ಹಿಡಿದವಳು ಹೆಂಡತಿ ಒಬ್ಬಳೇ. ಅಂದು ಬೆಳಿಗ್ಗೆ ಮನೆಯಲ್ಲಿ ಬ್ರೆಡ್ಡು ಸುಡುತ್ತಾ, ತಿರುಗಿ ನೋಡದೆ ಕೇಳಿದ್ದಳು. "ನನ್ನ ತಮ್ಮನ್ನ ಸಾಯಿಸೋದಕ್ಕೆ ಎಂಟು ಹಾಡು ಬೇಕಾಯ್ತೇನ್ರೀ ನಿಮಗೆ?"

"ಅದು ಕಥೆ ಕಣೇ."

"ಕಥೆ! ಬೂಟು ಹಾಕ್ಕೊಂಡು ಹೋಗ್ತಾನೆ, ಟವೆಲ್ ಒದ್ದೆ ಮಾಡಿ ಕುರ್ಚಿ ಮೇಲೆ ಹಾಕ್ತಾನೆ. ಕುದುರೆ ಊರಲ್ಲಿ ಟವೆಲ್ ಎಲ್ಲಿತ್ತು? ಇಷ್ಟು ಕಷ್ಟ ಯಾಕೆ, ಮನೆ ಬಿಡಪ್ಪಾ ಅಂತ ಬಾಯಿ ಬಿಟ್ಟು ಒಂದು ಮಾತು ಹೇಳಿ. ನಾನೇನು ಅಡ್ಡ ಬರಲ್ಲ."

"ನೀನೇ ಹೇಳಬಹುದಲ್ಲ."

"ಸಾಯಿಸಬೇಕು ಅಂತಿರೋರು ನೀವು" ಎಂದು ಅವಳು ಕರಿಯಾದ ತುಂಡನ್ನು ಅವನ ತಟ್ಟೆಗೆ ಹಾಕಿ, ಚೆನ್ನಾಗಿ ಬೆಂದದ್ದನ್ನು ಮುಚ್ಚಿಟ್ಟಳು. ಯಾರಿಗೆಂದು ಕೇಳಬೇಕಾಗಿರಲಿಲ್ಲ. ಕರಿಯನ್ನು ಚಾಕುವಿನಿಂದ ಕೆರೆಯುತ್ತಾ ಅವನು ಮನಸ್ಸಿನಲ್ಲೇ ಕೊನೆಯ ವಾಕ್ಯ ಹೇಳಿಕೊಂಡ. ತಾಲೀಮಿಗೆಂದು ಎಲ್ಲರಿಗೂ ದಾರಿ ತೋರಿಸಲು ಕಥೆಯ ಭಾಗವನ್ನು ಅವನೇ ಒಮ್ಮೆ ಓದಿ ರೆಕಾರ್ಡ್ ಮಾಡಿದ್ದ. ಅವನ ಉಸಿರಿಗೆ ಸರಿಯಾಗಿ ಡ್ರಮ್ಮು ನಿಂತಿತ್ತು, ಗಿಟಾರು ಕಾದಿತ್ತು. ನಿಜವಾದ ರೆಕಾರ್ಡಿಂಗೂ ತನ್ನದೇ ಎಂದು ಯಾರೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ತನ್ನ ಬಾಯಿಂದ, ಎಲ್ಲರ ಎದುರಿಗೆ, ಅವನನ್ನು ಕೊಲ್ಲುವುದು. ಅವನು ಆ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ನಿಂತಿರುವುದು. ಆಮೇಲೆ ಯಾವ ಕಾಲಕ್ಕೂ, ಯಾರು ಆ ಹಾಡು ಹಚ್ಚಿದರೂ, ಅವನು ಮತ್ತೆ ಮತ್ತೆ ಸಾಯುವುದು. ಇಷ್ಟು ಸಿಕ್ಕರೆ ಟವೆಲ್ಲು ಇಟ್ಟುಕೊಳ್ಳಲಿ, ಕೋಣೆ ಇಟ್ಟುಕೊಳ್ಳಲಿ ಎನ್ನುವಷ್ಟು ಉದಾರನಾಗಿದ್ದ.

ಕಾಲಿನ ಪ್ರಶ್ನೆ ಎರಡೂ ಕಾಲಿನಲ್ಲಿ ಮುಗಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡು ಮೈಕಿನ ಕಡೆ ಹೆಜ್ಜೆ ಇಟ್ಟ. ಸ್ಟುಡಿಯೋ ಇದ್ದದ್ದು ಟೈರಿನ ಅಂಗಡಿಯ ಮಹಡಿಯಲ್ಲಿ. ಮುಚ್ಚಿಹೋದ ಯಾವುದೋ ಲಾಡ್ಜಿನ ಹಾಸಿಗೆಗಳನ್ನು ತಂದು ಗೋಡೆಗೆಲ್ಲ ಹೊಡೆದಿದ್ದರು. ಪಟ್ಟೆಪಟ್ಟೆಯ ಬಟ್ಟೆಯ ಮೇಲೆ ಯಾರ್ಯಾರದೋ ತಲೆಯೆಣ್ಣೆಯ ಕಲೆಗಳು ನಿಂತ ಮನುಷ್ಯನ ಎದೆಮಟ್ಟಕ್ಕೆ ಬರುತ್ತಿದ್ದವು. ಟೇಕಿಗೆ ಮೊದಲು ಯಾರಾದರೂ ನೆಲವನ್ನು ಜೋರಾಗಿ ತುಳಿಯಬೇಕು, ಕೆಳಗಿನವರು ಗಾಳಿಯಂತ್ರ ನಿಲ್ಲಿಸಿ ಬೈಯಬೇಕು, ಬೈಗುಳ ಮುಗಿದ ಮೇಲೆ ರೆಕಾರ್ಡಿಂಗು. ಡ್ರಮ್ಮರ್ ತುಳಿದ. ಕೆಳಗಿನಿಂದ ಎಲ್ಲರ ತಾಯಂದಿರ ವಿಚಾರ ಬಂದು ಹೋಯಿತು. ಆಗ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು, ಬರೀ ಕೆಮ್ಮಲ್ಲ, ಸಿನಿಮಾ ತೆರೆಯ ಮೇಲೆ ಖಳ ಊರು ಸುಡುವ ಮೊದಲು ಕೇಳಿಸುತ್ತಿದ್ದ ಕೆಮ್ಮು. ಭಾವನ ಕಾಲು ಅಲ್ಲೇ ನಿಂತಿತು.

"ಸರ್‌ಪ್ರೈಸ್ ಭಾವ" ಎಂದು ಭಾಮೈದ ಬಾಗಿಲು ತೆರೆದ. "ಕಥೆ ಹೇಳೋಕೆ ಕಂಠ ಬಂದಿದಾರೆ."

ಮುದುಕನಿಗೆ ಬೇರೆ ಹೆಸರು ಇದ್ದಿರಬಹುದು. ಡಬ್ಬಿಂಗಿನ ಲೋಕದಲ್ಲಿ ಅವನು ಕಂಠ. ಒಂದು ಕಾಲದಲ್ಲಿ ಬಂದ ಕೌಬಾಯ್ ಚಿತ್ರಗಳ ಖಳರಿಗೆಲ್ಲ, ಕುಂಟನಿಗೂ ಒಕ್ಕಣ್ಣನಿಗೂ ಲಂಚಕೋರ ಷೆರೀಫನಿಗೂ, ಅವನದೇ ದನಿ. ಭಾವ ಚಿಕ್ಕವನಿದ್ದಾಗ ಟಾಕೀಸಿನ ಮುಂದಿನ ಬೆಂಚಿನಲ್ಲಿ ಕೂತು ಮುಖಗಳನ್ನು ಮರೆತಿದ್ದ, ದನಿಯನ್ನು ಮರೆತಿರಲಿಲ್ಲ. ಶಾಲೆಯಲ್ಲಿ ಹೊಡೆತ ತಿಂದಾಗ, ಮಾಲೀಕ ಗಿರಾಕಿಗಳೆದುರು ಬೈದಾಗ, ಬಾಯಿ ಹಲ್ಲು ಬಿಡುತ್ತಿದ್ದ ಹೊತ್ತಿನಲ್ಲೇ ತಲೆಯೊಳಗೆ ಉತ್ತರ ಕೊಡುತ್ತಿದ್ದದ್ದು ಆ ದನಿ. ಅಷ್ಟು ವರ್ಷ ತನ್ನ ಸಿಟ್ಟಿಗೆ ಬಾಡಿಗೆ ಇಲ್ಲದೆ ದನಿ ಕೊಟ್ಟವನು ಈಗ ಕತ್ತಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕು ಹಿಡಿದು, ಗೋಡೆಯ ಹಾಸಿಗೆಗಳನ್ನು ನೋಡಿ, "ಇಲ್ಲಿ ಹಾಡ್ತೀರೋ ಮಲಗ್ತೀರೋ?" ಎಂದು ಕೇಳುತ್ತಿದ್ದ. ಭಾವನ ಬಾಯಿ ನಕ್ಕಿತು. "ಬರೆದೋರು ನಮ್ಮ ಭಾವನೇ" ಎಂದು ಭಾಮೈದ ಪರಿಚಯ ಮಾಡಿಕೊಟ್ಟ. ಮುದುಕ ಅವನನ್ನು ಪಾದದಿಂದ ಮೇಲಕ್ಕೆ ನೋಡಿ, "ಫ್ಯಾನ್ ಆರಿಸಪ್ಪ" ಎಂದ.

ಮೊದಲ ಟೇಕು ಕೇಳಲಾಗುತ್ತಿರಲಿಲ್ಲ. ಹಾಳೆ ಕೈಗೆ ಬಂದ ಕೂಡಲೇ ಮುದುಕ ಸಂತೆಯಲ್ಲಿ ಸಾಮಾನು ಹರಾಜು ಹಾಕುವವನ ಹಾಗೆ ಅರಚಿದ. ಧೂಳು ಎಂಬಲ್ಲಿ ಗುಡುಗಿದ, ಗುಡುಗು ಎಂಬಲ್ಲಿ ಗೊಣಗಿದ. ಡ್ರಮ್ಮು ನಿಂತು ಕಾದ ಜಾಗದಲ್ಲಿ ಮಾತಾಡಿದ, ಮಾತಾಡಬೇಕಾದಲ್ಲಿ ನೀರು ಕುಡಿದ. ಭಾವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಗುವುದಿಲ್ಲ ಇವನಿಂದ, ಆಗುವುದಿಲ್ಲ. ಎರಡನೆಯ ಟೇಕಿನ ನಡುವೆ ಮುದುಕ ಹಾಳೆ ಬಿಸಾಡಿ ಸಿಟ್ಟಿನಿಂದ ಸುತ್ತ ನೋಡಿದ. "ಬಾಯಿ ಎಲ್ಲಿ?"

"ಯಾರ ಬಾಯಿ ಸಾರ್?"

"ಮಾತಾಡೋನ ಬಾಯಿ ಕಣಯ್ಯಾ! ಜನ್ಮವೆಲ್ಲ ತೆರೆ ಮೇಲಿನ ಬಾಯಿ ನೋಡ್ಕೊಂಡು ಮಾತಾಡಿದೋನು ನಾನು. ಬಾಯಿಲ್ಲದೆ ಮಾತಾಡು ಅಂದ್ರೆ ಎಲ್ಲಿಂದ ಮಾತಾಡ್ಲಿ?"

ಭಾವ ಒಂದು ಹೆಜ್ಜೆ ಮುಂದೆ ಇಟ್ಟ. ತಾನೇ ಓದುತ್ತೇನೆ ಎಂದು ಹೇಳಬೇಕು, ಸಹಜವಾಗಿ, ಉಪಕಾರ ಮಾಡುವವನಂತೆ ಹೇಳಬೇಕು ಎಂದು ಮಾತು ಜೋಡಿಸುತ್ತಿರುವಾಗ, ರೆಕಾರ್ಡಿಂಗಿನ ಹೆಂಗಸು ಗಡಿಯಾರ ನೋಡಿ, "ಭಾವನ ಓದು ಇದೆಯಲ್ಲ, ಅದನ್ನ ಇಬ್ಬರ ಕಿವಿಗೂ ಹಾಕ್ತೀನಿ. ಭಾವ ಗಾಜಿನ ಈಚೆ ಕೂತು ಬಾಯಾಡಿಸಲಿ" ಎಂದಳು. ಡ್ರಮ್ಮರ್ ಚಪ್ಪಾಳೆ ತಟ್ಟಿದ. ಭಾಮೈದ ಕುರ್ಚಿ ತಂದು ಹಾಕಿ, ಟೇಬಲ್ ಲ್ಯಾಂಪನ್ನು ಎತ್ತಿ ಭಾವನ ಮುಖಕ್ಕೆ ತಿರುಗಿಸಿ, "ಸ್ವಲ್ಪ ಗಲ್ಲ ಮೇಲೆ ಮಾಡಿ ಭಾವ. ಸಾರ್, ಈಗ ಸ್ಪಷ್ಟವಾ?" ಎಂದು ಗಾಜಿನಾಚೆ ಕೇಳಿದ. ಅದು ಅವನದೇ ಮಾತು, ಕತ್ತಲ ಕೋಣೆಯ ಮಾತು. "ಮೀಸೆ ಅಡ್ಡ ಬರ್ತಿದೆ, ಇರಲಿ ಬಿಡು" ಎಂದ ಕಂಠ.

ಹೀಗೆ ಅವನು ತನ್ನದೇ ಕಥೆಗೆ ಬಾಯಿಯಾದ. ಕಿವಿಯಲ್ಲಿ ತನ್ನ ಹಳೆಯ ಓದು, ಅದಕ್ಕೆ ತಕ್ಕಂತೆ ಸದ್ದಿಲ್ಲದೆ ಆಡುವ ತುಟಿ, ಆ ತುಟಿಗೆ ಕಣ್ಣು ನೆಟ್ಟು ಗಾಜಿನಾಚೆ ಇನ್ನೊಬ್ಬ ಆಡುವ ಮಾತು. ದೀಪದ ಕಾವಿಗೆ ಮೀಸೆಯೊಳಗೆ ಬೆವರು ಕೂತಿತು, ಒರೆಸಿಕೊಳ್ಳುವಂತಿರಲಿಲ್ಲ. ಕಂಠ ಈಗ ಬೇರೆಯೇ ಮನುಷ್ಯ. ಕುದುರೆ ಇಳಿದದ್ದು, ಸಲೂನಿನ ಬಾಗಿಲು, ಬೂಟು ಕಳೆದುಹೋದ ರಾತ್ರಿ, ಒಂದೊಂದೂ ಬೆನ್ನುಮೂಳೆಗೆ ನೀರು ಬಿಟ್ಟ ಹಾಗೆ ಬಂತು. ಆದರೆ ಮುದುಕ ಮಾತನ್ನಷ್ಟೇ ತೆಗೆದುಕೊಳ್ಳಲಿಲ್ಲ. ಎಲ್ಲೆಲ್ಲಿ ಭಾವ ತುಟಿ ಸವರಿಕೊಂಡಿದ್ದನೋ ಅಲ್ಲೆಲ್ಲ ಸವರಿಕೊಂಡ. ಎಲ್ಲಿ ಉಗುಳು ನುಂಗಿದ್ದನೋ ಅಲ್ಲಿ ನುಂಗಿದ. ಟವೆಲ್ಲಿನ ಮಾತು ಬಂದಾಗ ಭಾವನ ದನಿ ಅಷ್ಟು ದಿನ ಯಾರಿಗೂ ತಿಳಿಯದ ಹಾಗೆ ಒಂದು ಎಳೆ ಮೇಲಕ್ಕೆ ಹೋಗಿತ್ತು. ಮನೆಯೊಳಗೆ ಜಗಳ ಮಾಡಲಾರದ ಗಂಡಸರ ಕೀಚಲು. ಕಂಠ ಅದನ್ನು ಎತ್ತಿ, ತನ್ನ ದೊಡ್ಡ ದನಿಯಲ್ಲಿಟ್ಟು, ಚೊಕ್ಕ ಮಾಡಿ ತೋರಿಸಿದ. ಡ್ರಮ್ಮರಿಗೆ ನಗು ತಡೆಯಲಾಗಲಿಲ್ಲ. "ಥೇಟ್ ಭಾವ!" ಎಂದ. "ಮುಂದಿನ ಮನೆಯವರು ಕಸ ಹಾಕಿದಾಗ ಭಾವ ಹೀಗೇ ಅಲ್ವಾ?"

ಟೇಕು ನಿಂತಾಗ ಕಂಠ ಗಾಜಿನ ಹತ್ತಿರ ಬಂದು ಭಾವನ ಬಾಯಿಯನ್ನು, ಬಾಯಿಯೊಂದನ್ನೇ, ನೋಡಿದ. "ಏನಪ್ಪಾ, ಮಾತನ್ನ ಹೀಗೆ ಎಳೆಯೋದು, ಹೀಗೆ ಕಚ್ಚೋದು, ಇದೆಲ್ಲ ನನ್ನದಲ್ವೇ? ಟಾಕೀಸಲ್ಲಿ ಕೂತು ಎಷ್ಟು ವರ್ಷ ಕದ್ದೆ?"

"ಇಲ್ಲ ಸಾರ್, ಅದು..."

"ಕಳ್ಳಮಾಲು. ಪರವಾಗಿಲ್ಲ, ವಾಪಸ್ ಬಂತಲ್ಲ" ಎಂದು ಮುದುಕ ಫ್ಲಾಸ್ಕಿನ ಮುಚ್ಚಳ ತೆಗೆದ. ಎಲ್ಲರೂ ನಕ್ಕರು, ಭಾವನ ಬಾಯಿಯೂ ನಕ್ಕಿತು, ದೀಪದ ಬೆಳಕಿನಲ್ಲಿ ಎಲ್ಲ ಹಲ್ಲುಗಳೂ ಸ್ಪಷ್ಟವಾಗಿ ಕಂಡವು.

ಕೊನೆಯ ಭಾಗಕ್ಕೆ ಮೊದಲು ಬಿಡುವು ಕೊಟ್ಟರು. ಭಾವ ಮೆಟ್ಟಿಲ ತಿರುವಿಗೆ ಬಂದು ನಿಂತ. ಕೆಳಗೆ ಯಾರದೋ ಲಾರಿಯ ಚಕ್ರ ಬಿಚ್ಚುತ್ತಿದ್ದರು; ಸುಟ್ಟ ರಬ್ಬರಿನ ವಾಸನೆ, ಬೆಳಗಿನ ಬ್ರೆಡ್ಡಿನ ವಾಸನೆ. ತನ್ನದು ಎಂದುಕೊಂಡ ಸಿಟ್ಟೂ ತನ್ನದಲ್ಲ, ನುಂಗಿದ ಉಗುಳು ಮಾತ್ರ ತನ್ನದು. ಆದರೂ ಒಂದು ವಾಕ್ಯ ಇನ್ನೂ ಉಳಿದಿತ್ತು. ಹಿಂದಿನಿಂದ ಭಾಮೈದ ಬಂದು ಪಕ್ಕದಲ್ಲಿ ಕಂಬಿಗೆ ಒರಗಿದ. ಅವನ ಕಾಲಲ್ಲಿ ಭಾವನ ಚಪ್ಪಲಿಗಳಿದ್ದವು.

"ಬೇಜಾರಾಯ್ತಾ ಭಾವ?"

"ಛೇ, ಛೇ. ಚೆನ್ನಾಗಿ ಬರ್ತಿದೆ."

"ಅಕ್ಕ ಮೊನ್ನೆನೇ ಹೇಳಿದ್ಲು. ಕುದುರೆ ಮೇಲೆ ಬರೋನು ನಾನೇ ಅಂತ." ಅವನು ನಗುತ್ತಿರಲಿಲ್ಲ. ಅವನು ನಗದೆ ಇರುವುದನ್ನು ಭಾವ ಅದೇ ಮೊದಲು ನೋಡಿದ್ದು. ಮುಖ ಸಣ್ಣದಾಗಿ, ವಯಸ್ಸಾದಂತೆ ಕಂಡಿತು. "ಅದಕ್ಕೇ ಕಂಠ ಅವರನ್ನ ಕರೆಸಿದ್ದು. ಬೇರೆಯೋರ ಬಾಯಲ್ಲಿ ಸಾಯೋದಕ್ಕೆ ನನಗೇನೂ ಅಡ್ಡಿ ಇಲ್ಲ. ನಿಮ್ಮ ಬಾಯಲ್ಲಿ ಮಾತ್ರ ಸಾಯಲ್ಲ." ಕಂಬಿ ಬಿಟ್ಟು ಭಾವನ ಕಡೆ ತಿರುಗಿ, "ಹೋಗು ಅಂತ ಹೇಳಿದ್ರೆ ಹೋಗ್ತಿದ್ದೆ. ಹೇಳಿ ಈಗಲಾದ್ರೂ. ಯಾರೂ ಇಲ್ಲ ಇಲ್ಲಿ" ಎಂದ.

ಕೆಳಗೆ ಚಕ್ರ ಕಳಚಿ ಉರುಳಿ ಗೋಡೆಗೆ ಬಡಿಯಿತು. ಹೇಳಬೇಕಾದ್ದು ಒಂದೇ ಶಬ್ದ. ಅದು ನಾಲಗೆಯ ತುದಿಗೆ ಬಂತು. ಬಾಯಿ ಅದನ್ನು ಬಿಟ್ಟು ಬೇರೇನೋ ಹೇಳಿತು. "ಏ, ತಮಾಷೆ ಮಾಡ್ಬೇಡ. ನಡಿ, ಆಯಮ್ಮಂಗೆ ಸೋಪಿನ ಜಾಹೀರಾತಿದೆಯಂತೆ."

ಭಾಮೈದ ಮತ್ತೆ ನಗಲು ಶುರುಮಾಡಿದ. "ಅಷ್ಟೇ ಭಾವ ನೀವು" ಎಂದು ಬೆನ್ನು ತಟ್ಟಿ ಒಳಗೆ ಹೋದ.

ಕುರ್ಚಿಯಲ್ಲಿ ಕೂತು ಮುಖಕ್ಕೆ ದೀಪ ಬಿದ್ದಾಗ ಭಾವನ ತಲೆ ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಬಾಯಿಲ್ಲದೆ ಮುದುಕನಿಗೆ ಮಾತಿಲ್ಲ. ಎಂದರೆ ಕೊನೆಯ ವಾಕ್ಯ ಇನ್ನೂ ತನ್ನ ಹಲ್ಲುಗಳ ಹಿಂದೆಯೇ ಇದೆ. ತಾನು ತೆರೆಯದಿದ್ದರೆ ಅವನು ಆಡುವುದಿಲ್ಲ. ಅವನು ಆಡದಿದ್ದರೆ ವಿಧಿಯಿಲ್ಲದೆ ತನ್ನ ಹಳೆಯ ಓದಿನಿಂದಲೇ ಆ ಮೂರು ಶಬ್ದ ಕತ್ತರಿಸಿ ಅಂಟಿಸಬೇಕಾಗುತ್ತದೆ. ಮಿಕ್ಕದ್ದೆಲ್ಲ ಕಂಠನ ಬಾಯಿ, ಕೊಲೆಯೊಂದು ತನ್ನದು. ಯೋಚಿಸಿದಷ್ಟೂ ಇದೇ ಹೆಚ್ಚು ಚೆನ್ನಾಗಿ ಕಂಡಿತು. ಬಾಯಿ ಬಿಟ್ಟು ಏನೂ ಗಿಟ್ಟಿಸಿದವನಲ್ಲ. ಮುಚ್ಚಿಕೊಂಡು ಗೆಲ್ಲುವುದು ತನಗೆ ಹೇಳಿ ಮಾಡಿಸಿದ ಉಪಾಯ.

ಡ್ರಮ್ಮರ್ ತುಳಿದ, ಕೆಳಗಿನವರು ಬೈದರು. ಬೇಸನ್ನು ಆಮೇಲೆ ಸೇರಿಸುವುದೆಂದು ಬಿಟ್ಟು ಎಂಟನೆಯ ಹಾಡು ಹರಿಯಿತು. ಭಾಮೈದ ಕಣ್ಣು ಮುಚ್ಚಿ ಕೈಬೀಸುತ್ತಾ ಹಾಡಿದ. ಚೆನ್ನಾಗಿ ಹಾಡಿದ, ಅದೂ ಒಂದು ಸಂಕಟ. ಊರ ನಡುವಿನ ಬಯಲು, ಟೊಪ್ಪಿಗಳು, ಯಾರೋ ಕೋವಿ ಎತ್ತುವ ಸಣ್ಣ ಸದ್ದು, ಎಲ್ಲವನ್ನೂ ಭಾವನ ತುಟಿ ಆಡಿಸಿತು, ಕಂಠ ನುಡಿದ. ಗುಂಡಿನ ಏಟಿಗೆ ಡ್ರಮ್ಮು ಒಂದೇ ಸಲ ಬಡಿದು ನಿಂತಿತು. ಕಿವಿಯೊಳಗೆ ಅವನದೇ ಹಳೆಯ ದನಿ, ಆಸೆಯಿಂದ ಒದ್ದೆಯಾದ ದನಿ, "ಗುಂಡು ಹಾರಿಸಿದ್ದು ನಾನೇ" ಎಂದಿತು. ಭಾವ ತುಟಿ ಬಿಗಿಹಿಡಿದ. ಗಾಜಿನಾಚೆ ಕಂಠ ಬಾಯಿ ಅರೆತೆರೆದು ಮುಂದಕ್ಕೆ ಬಾಗಿದ. ಅವನ ಕಣ್ಣು ಭಾವನ ಬಾಯಿಯಿಂದ ಅಲುಗಲಿಲ್ಲ. ಅವನ ಕಿವಿಗೂ ಮಾತು ಬಿದ್ದಿತ್ತು, ಕಂಠಪಾಠವೂ ಆಗಿತ್ತು. ಆದರೂ ಬಾಯಿ ತೆರೆಯದ ಮನುಷ್ಯನ ಮಾತನ್ನು ಅವನು ಈ ಜನ್ಮದಲ್ಲಿ ಆಡಿದವನಲ್ಲ. ಭಾವ ಹಲ್ಲು ಕಚ್ಚಿದ, ಕೆನ್ನೆಯ ಸ್ನಾಯು ಕುಣಿಯಿತು. ಕಂಠ ಸದ್ದಿಲ್ಲದೆ ಹಲ್ಲು ಕಚ್ಚಿದ. ಕೋಣೆಯಲ್ಲಿ ಗಿಟಾರಿನ ಕೊನೆಯ ತಂತಿಯ ನಾದ ಸತ್ತಿತು.

ಮೊದಲು ಮಾತಾಡಿದವಳು ರೆಕಾರ್ಡಿಂಗಿನ ಹೆಂಗಸು. "ಅಯ್ಯೋ" ಎಂದಳು. "ನನಗೆ ಮೈ ಜುಮ್ ಅಂತು."

"ಒಂದು ಸಾಲು ಬಿಟ್ಟುಹೋಯ್ತು" ಎಂದ ಭಾವ. "ಹಾಕ್ಬಹುದು. ನಾನು ಓದಿದ್ದು ಇದೆಯಲ್ಲ, ಅದನ್ನೇ..."

"ಬೇಡ! ಮುಟ್ಟಬೇಡಿ!" ಭಾಮೈದ ಓಡಿಬಂದ. ಅವನ ಕಣ್ಣಲ್ಲಿ ನೀರಿತ್ತು. "ಇದೇ ಸರಿ. ಯಾರು ಹೊಡೆದ್ರು ಅಂತ ಹೇಳಲೇಬಾರದು. ಸತ್ತ ಅಂತ ತಾನೆ ಯಾಕೆ ಹೇಳ್ಬೇಕು? ಸುಮ್ಮನಿದ್ರೆ ಆಯ್ತು. ಭಾವ, ಈ ಐಡಿಯಾ ನಿಮಗೆ ಹೇಗೆ ಹೊಳೀತು?"

"ಬಾಯಿ ಚೆನ್ನಾಗಿ ಆಡಿಸಿದ" ಎಂದ ಕಂಠ, ಕತ್ತಿನ ಪಟ್ಟಿ ಸರಿಮಾಡಿಕೊಳ್ಳುತ್ತಾ. "ಈಗಿನ ನಟರಿಗೆ ಬರಲ್ಲ." ಅಷ್ಟು ಹೊತ್ತಿನಲ್ಲಿ ಭಾವನಿಗೆ ಸಿಕ್ಕ ಒಂದೇ ಒಳ್ಳೆಯ ಮಾತು ಅದು. ಅವನು ಹಳೆಯ ಓದಿನ ಮಾತನ್ನು ಇನ್ನೊಮ್ಮೆ ಎತ್ತಿದ. ಹೆಂಗಸು ಅದನ್ನು ಆಗಲೇ ಅಳಿಸಿದ್ದಳು. ದಾರಿ ತೋರಿಸುವ ಗೈಡನ್ನು ಇಟ್ಟುಕೊಂಡು ಏನು ಮಾಡುವುದು, ಕಂಪ್ಯೂಟರಿನಲ್ಲಿ ಜಾಗ ತಿನ್ನುತ್ತೆ ಎಂದಳು. ಇನ್ನು ಉಳಿದದ್ದು ಕುದುರೆ ನಡೆಯುವ ಸದ್ದು. ಡ್ರಮ್ಮರನ ಸೊಂಟ ಹಿಡಿದುಕೊಂಡಿದ್ದರಿಂದ, ತಟ್ಟೆಯಲ್ಲಿ ಮರಳು ಹಾಕಿ ಎರಡು ಪ್ಲಾಸ್ಟಿಕ್ ಲೋಟ ಬೋರಲು ಹಿಡಿದು ಬಡಿಯುವ ಕೆಲಸ ಭಾವನ ಪಾಲಿಗೆ ಬಂತು. ಅವನು ಮಂಡಿಯೂರಿ ಕೂತು ಬಡಿದ. ಎಡ ಲೋಟವೋ ಬಲ ಲೋಟವೋ ಮೊದಲು ಎಂದು ಯಾರೂ ಕೇಳಲಿಲ್ಲ. ಕಥೆಯ ಮೊದಲಿಗೆ ಕುದುರೆ ಊರೊಳಗೆ ಬಂತು. ಕಥೆಯ ಕೊನೆಗೆ, ಭಾಮೈದನ ಆಸೆಯಂತೆ, ಊರಿನಿಂದ ಆಚೆಗೂ ಸ್ವಲ್ಪ ದೂರ ನಡೆಯಿತು, ಮೇಲೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ತಿಳಿಯದ ಹಾಗೆ.

ಆಲ್ಬಮ್ ಬಂತು. ಹೊದಿಕೆಯ ಹಿಂಬದಿಯಲ್ಲಿ 'ನಿರೂಪಣೆ: ಕಂಠ' ಎಂದಿದೆ, ಅದರ ಕೆಳಗೆ 'ಬೇಸ್, ಕುದುರೆ, ವ್ಯಾನ್: ಭಾವ' ಎಂದಿದೆ. ಗುಂಡು ಹಾರಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಭಾಮೈದ ಮುಂಬಾಗಿಲ ಪಕ್ಕದ ಕೋಣೆಯಲ್ಲೇ ಇದ್ದಾನೆ.